ತಲೆ ದುಂಡಗಿರುವ ಮಣ್ಣು: ಕೆನಡಾ ಬಯಲಿನ ಸೋಡಿಯಂ ಜೇಡಿ

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, ಎಡ್ಮಂಟನ್ ನಗರದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ವೆಗ್ರೆವಿಲ್ ಅಂತ ಒಂದು ಊರು ಸಿಗುತ್ತದೆ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಬಯಲು. ಗೋಧಿ, ಬಾರ್ಲಿ, ಕನೋಲಾ. ಬೇಸಿಗೆಯಲ್ಲಿ ಆ ಕಡೆಯ ಕೆಲವು ಹೊಲಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಒಂದೇ ಹೊಲ, ಒಂದೇ ಬೀಜ, ಒಂದೇ ದಿನದ ಬಿತ್ತನೆ. ಆದರೂ ಪೈರು ಅಲೆ ಅಲೆಯಾಗಿ ನಿಂತಿರುತ್ತದೆ. ಇಲ್ಲಿ ಸೊಂಟದ ಮಟ್ಟ, ನಾಲ್ಕು ಹೆಜ್ಜೆ ಆಚೆ ಮೊಣಕಾಲಿನ ಮಟ್ಟ, ಮತ್ತೆ ನಾಲ್ಕು ಹೆಜ್ಜೆಗೆ ಸೊಂಟದ ಮಟ್ಟ. ಗೊಬ್ಬರ ಹಾಕುವಾಗ ಆದ ತಪ್ಪಲ್ಲ ಇದು. ನೆಲ ಏರುಪೇರಾಗಿದ್ದೂ ಕಾರಣವಲ್ಲ. ಕಾರಣ ಕಾಲಡಿಯಲ್ಲಿ, ಒಂದು ಗೇಣು ಕೆಳಗಿದೆ.

ಆ ಮಣ್ಣಿನ ಹೆಸರು ಸೊಲೊನೆಟ್ಸ್. ರಷ್ಯನ್ ಭಾಷೆಯಿಂದ ಬಂದ ಪದ. ಅಲ್ಲಿ 'ಸೋಲ್' ಅಂದರೆ ಉಪ್ಪು. ಪಶ್ಚಿಮ ಕೆನಡಾದಲ್ಲಿ ಇಂಥ ಮಣ್ಣು ಸುಮಾರು 60ರಿಂದ 80 ಲಕ್ಷ ಹೆಕ್ಟೇರ್ ಇದೆ. ನಮ್ಮ ಕರ್ನಾಟಕದ ಒಟ್ಟು ವಿಸ್ತೀರ್ಣದ ಮೂರನೇ ಒಂದು ಭಾಗ ಅಂದುಕೊಳ್ಳಿ, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಆಲ್ಬರ್ಟಾದ್ದು, ಉಳಿದದ್ದರಲ್ಲಿ ಬಹುಪಾಲು ಪಕ್ಕದ ಸಸ್ಕ್ಯಾಚೆವಾನ್ ಪ್ರಾಂತ್ಯದ್ದು.

ಹೆಸರಿನಲ್ಲಿ ಉಪ್ಪು ಇದೆ ಅಂತ ಇದನ್ನು ಉಪ್ಪು ಮಣ್ಣು ಅಂದುಬಿಟ್ಟರೆ ಅರ್ಧ ದಾರಿಯಲ್ಲೇ ತಪ್ಪುತ್ತೇವೆ. ಮಣ್ಣಿನ ಮೇಲ್ಭಾಗದಿಂದ ಉಪ್ಪು ತೊಳೆದು ಹೋದ ಮೇಲೆಯೇ ಈ ಮಣ್ಣಿನ ನಿಜವಾದ ತೊಂದರೆ ಶುರುವಾಗುವುದು. ಈ ಒಂದು ಮಾತು ಹಿಡಿದುಕೊಂಡರೆ ಇದರ ಗುಣವೂ ತಿಳಿಯುತ್ತದೆ, ವಿಜ್ಞಾನಿಗಳು ಇದನ್ನು ಯಾಕೆ ಹೀಗೆ ವಿಂಗಡಿಸಿದ್ದಾರೆ ಅನ್ನುವುದೂ ತಿಳಿಯುತ್ತದೆ.

ಗುಂಡಿ ತೋಡಿ ನೋಡೋಣ

ಮಣ್ಣು ಓದುವವರಿಗೆ ಪುಸ್ತಕ ಅಂದರೆ ಗುಂಡಿಯ ಗೋಡೆ. ಒಂದು ಮೀಟರ್ ಆಳದ ಗುಂಡಿ ತೋಡಿ, ಒಳಗಿಳಿದು, ಒಂದು ಗೋಡೆಯನ್ನು ಚಾಕುವಿನಿಂದ ಮೆಲ್ಲಗೆ ಕೆರೆದು ಸ್ವಚ್ಛ ಮಾಡುತ್ತಾರೆ. ಸೊಲೊನೆಟ್ಸ್ ಇರುವ ಕಡೆ ಆ ಗೋಡೆ ಮರೆಯುವಂಥದ್ದಲ್ಲ.

ಎಲ್ಲಕ್ಕಿಂತ ಮೇಲೆ ಕಪ್ಪು ಅಥವಾ ಕಂದು ಪದರ. ಸಾವಿರಾರು ವರ್ಷ ಹುಲ್ಲು ಬೆಳೆದು, ಸತ್ತು, ಕೊಳೆತು ಆದ ಮಣ್ಣು. ಕೈಯಲ್ಲಿ ಹಿಡಿದರೆ ಸಲೀಸಾಗಿ ಪುಡಿಯಾಗುತ್ತದೆ. ಎಂಥ ಒಳ್ಳೆಯ ಹೊಲ ಅನ್ನಿಸುತ್ತದೆ. ಅದರ ಕೆಳಗೆ ಬೂದಿ ಬಣ್ಣದ ತೆಳು ಪದರ. ಕೆಲವು ಕಡೆ ಇದು ಕಣ್ಣಿಗೆ ಬೀಳದಷ್ಟು ತೆಳು, ಕೆಲವು ಕಡೆ ನಾಲ್ಕು ಬೆರಳಿನಷ್ಟು ದಪ್ಪ. ಚಾಕು ಆಡಿಸಿದರೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಜೇಡಿಯೂ ಬಣ್ಣವೂ ತೊಳೆದು ಹೋಗಿ ಉಳಿದ ಸಣ್ಣ ಮರಳು ಮತ್ತು ಹೂಳು ಅದು.

ಅದರ ಕೆಳಗೆ ಚಾಕು ಟಕ್ ಅಂತ ನಿಲ್ಲುತ್ತದೆ.

ಇಲ್ಲಿಂದ ಮುಂದೆ ಕಂಬಗಳು. ಒಂದರ ಪಕ್ಕ ಒಂದು ಒತ್ತಾಗಿ ನಿಂತ ಜೇಡಿಮಣ್ಣಿನ ಕಂಬಗಳು. ಒಂದೊಂದೂ ಸುಮಾರು ಮುಷ್ಟಿಯಷ್ಟು ದಪ್ಪ. ತಲೆ ಮಾತ್ರ ಚಪ್ಪಟೆ ಅಲ್ಲ, ದುಂಡಗೆ. ತಟ್ಟೆಯಲ್ಲಿ ರಾಗಿಮುದ್ದೆಗಳನ್ನು ಸಾಲಾಗಿ ಇಟ್ಟು, ಮೇಲೆ ಅಕ್ಕಿಹಿಟ್ಟು ಚಿಮುಕಿಸಿದ ಹಾಗೆ ಕಾಣುತ್ತದೆ. ಆ ಬಿಳಿ ಪುಡಿ ಮೇಲಿನ ಬೂದಿ ಪದರದ್ದೇ. ಅದು ಉಪ್ಪಲ್ಲ. ಮೊದಲ ಸಲ ಇಂಥ ಗೋಡೆಯ ಫೋಟೊ ನೋಡಿದಾಗ ಇದು ಯಾರೋ ಕಟ್ಟಿದ್ದು ಅಂತಲೇ ನನಗೆ ಅನ್ನಿಸಿತ್ತು. ಕಟ್ಟಿದ್ದು ನೀರು. ಇಳಿಯುವ ನೀರು ಕಂಬಗಳ ನಡುವಿನ ಬಿರುಕಿನಲ್ಲಿ ಹರಿಯುವಾಗ ಮೇಲಿನ ಅಂಚುಗಳನ್ನೆಲ್ಲ ಕರಗಿಸಿ ಒಯ್ಯುತ್ತದೆ. ಮೂಲೆ ಸವೆದು ತಲೆ ದುಂಡಗಾಗುತ್ತದೆ.

ಒಣಗಿದಾಗ ಈ ಪದರಕ್ಕೆ ಗುದ್ದಲಿ ಸಾಲದು, ಪಿಕಾಸಿ ಬೇಕು. ನೆನೆದರೆ ಅದೇ ಮಣ್ಣು ಅಂಟಂಟಾಗಿ ಉಬ್ಬಿಕೊಂಡು, ಇದ್ದಬದ್ದ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಗೋಧಿಯ ಬೇರು ಎಲ್ಲಿ ಹೋಗಿದೆ ಅಂತ ಹುಡುಕಿದರೆ ಕಂಬದ ತಲೆಯ ಮೇಲೆ ಸಿಗುತ್ತದೆ. ಕೆಳಗಿಳಿಯಲು ಜಾಗ ಕಾಣದೆ ಅಡ್ಡಡ್ಡ ಹರಡಿರುತ್ತದೆ. ಒಂದಿಷ್ಟು ಬೇರು ಕಂಬಗಳ ನಡುವಿನ ಸಂದಿಯಲ್ಲಿ ಇಳಿದಿರುತ್ತದೆ. ಆದರೆ ಆ ಸಂದಿಯ ಬೇರನ್ನು ಬಿಡಿಸಿ ನೋಡಿದರೆ ಪುಸ್ತಕದೊಳಗೆ ಇಟ್ಟು ಒತ್ತಿದ ಎಲೆಯ ಹಾಗೆ ಚಪ್ಪಟೆಯಾಗಿರುತ್ತದೆ. ಎರಡೂ ಕಡೆಯ ಕಂಬಗಳು ಉಬ್ಬಿದಾಗಲೆಲ್ಲ ಅದನ್ನು ಹಿಸುಕಿವೆ.

ಇನ್ನೂ ಕೆಳಗೆ, ಎರಡು ಮೂರು ಗೇಣಿನ ಆಳದಲ್ಲಿ, ಬಿಳಿ ಎಳೆಗಳೂ ಚುಕ್ಕೆಗಳೂ ಕಾಣುತ್ತವೆ. ಉಪ್ಪು ಇರುವುದು ಅಲ್ಲಿ. ಜೊತೆಗೆ ಸುಣ್ಣ, ಮತ್ತು ಹಲವು ಕಡೆ ಜಿಪ್ಸಂ. ಎರಡರಲ್ಲೂ ಕ್ಯಾಲ್ಸಿಯಂ ಇದೆ. ಈ ಜಿಪ್ಸಂ ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಆ ಅಲೆ ಅಲೆ ಪೈರು ಅರ್ಥವಾಯಿತು, ಅಲ್ವಾ? ಕಂಬದ ಪದರ ಹೊಲದುದ್ದಕ್ಕೂ ಒಂದೇ ಆಳದಲ್ಲಿ ಇರುವುದಿಲ್ಲ. ನಾಲ್ಕು ಹೆಜ್ಜೆಗೆ ಒಮ್ಮೆ ಮೇಲೇಳುತ್ತದೆ, ಇಳಿಯುತ್ತದೆ. ಅದು ಮೇಲಿದ್ದ ಕಡೆ ಗೋಧಿಗೆ ಸಿಗುವುದು ಒಂದು ಗೇಣು ಮಣ್ಣು ಮಾತ್ರ. ಹಿಮ ಕರಗಿದಾಗ ಅಲ್ಲಿ ನೀರು ನಿಲ್ಲುತ್ತದೆ. ಜುಲೈ ಬಿಸಿಲಿಗೆ ಅದೇ ಜಾಗದಲ್ಲಿ ಪೈರು ಬಾಡುತ್ತದೆ. ಕೆಳಗೆ ತೇವ ಇದ್ದರೂ ಅದನ್ನು ಮುಟ್ಟಲು ಬೇರಿಗೆ ದಾರಿ ಇಲ್ಲ.

ಜೇಡಿಯ ಬಿಲ್ಲೆಗಳು ಬಿಡಿಬಿಡಿಯಾಗುವುದು ಹೇಗೆ

ಜೇಡಿಮಣ್ಣಿನ ಕಣ ಅಂದರೆ 0.002 ಮಿಲಿಮೀಟರಿಗಿಂತ ಚಿಕ್ಕದು. ಆಕಾರ ಗುಂಡಗಲ್ಲ. ತೆಳು ಹಾಳೆಯಂಥದ್ದು, ಒಂದರ ಮೇಲೆ ಒಂದು ಜೋಡಿಸಿಟ್ಟ ಹಪ್ಪಳದ ಹಾಗೆ. ಈ ಹಾಳೆಗಳ ಮೇಲೆ ಋಣ ವಿದ್ಯುತ್ ಇರುತ್ತದೆ. ಎರಡು ಹಾಳೆಗಳದ್ದೂ ಒಂದೇ ಬಗೆಯ ವಿದ್ಯುತ್ ಆದ್ದರಿಂದ ಒಂದನ್ನೊಂದು ದೂಡಬೇಕು. ಆದರೂ ಒಳ್ಳೆಯ ಹೊಲದಲ್ಲಿ ಅವು ಅಂಟಿಕೊಂಡು ಹರಳು ಹರಳಾಗಿ ಕೂತಿರುತ್ತವೆ. ಯಾಕೆಂದರೆ ಮಧ್ಯದಲ್ಲಿ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ. ಹಾಳೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಹತ್ತಿರವೇ ಇರುತ್ತದೆ. ಹಾಳೆಗಳು ಪರಸ್ಪರ ಸಮೀಪ ಬರಲು ಅದು ಬಿಡುತ್ತದೆ.

ಸೋಡಿಯಂಗೆ ಇರುವುದು ಒಂದೇ ವಿದ್ಯುದಂಶ. ಅದರ ಹಿಡಿತ ಸಡಿಲ. ಹಾಳೆಯಿಂದ ಸ್ವಲ್ಪ ದೂರದಲ್ಲಿ, ತನ್ನ ಸುತ್ತ ನೀರು ಕಟ್ಟಿಕೊಂಡು, ಮೋಡದ ಹಾಗೆ ಹರಡಿಕೊಳ್ಳುತ್ತದೆ. ಈ ಮೋಡ ದಪ್ಪವಾದಷ್ಟೂ ಹಾಳೆಗಳು ದೂರ ಸರಿಯುತ್ತವೆ. ಕೊನೆಗೆ ಒಂದೊಂದು ಹಾಳೆಯೂ ಬಿಡಿಯಾಗಿ ನೀರಿನಲ್ಲಿ ತೇಲುತ್ತದೆ. ಇದನ್ನು ಚದುರುವಿಕೆ ಅನ್ನಬಹುದು. ಚದುರಿದ ಜೇಡಿ ನೀರಿನ ಜೊತೆ ಕೆಳಗಿಳಿದು, ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡು, ಅಲ್ಲೇ ಕೂತು ಗಟ್ಟಿಯಾಗುತ್ತದೆ. ಕಂಬದ ಪದರ ತಯಾರಾಗುವುದು ಹೀಗೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ, ಸೋಡಿಯಂ ಎಷ್ಟೇ ಇರಲಿ, ಆ ಮೋಡ ಹರಡುವುದಿಲ್ಲ. ಉಪ್ಪುನೀರು ಅದನ್ನು ಅಮುಕಿ ಹಿಡಿಯುತ್ತದೆ. ಹಾಗಾಗಿ ಪೂರ್ತಿ ಉಪ್ಪಾದ ನೆಲದಲ್ಲಿ ಜೇಡಿ ಚದುರುವುದಿಲ್ಲ. ಬೆಳೆ ಬಾರದೆ ಇರಬಹುದು, ಮಣ್ಣಿನ ರಚನೆ ಮಾತ್ರ ಚೆನ್ನಾಗಿರುತ್ತದೆ. ಮಳೆನೀರು, ಹಿಮದ ನೀರು ಬಂದು ಉಪ್ಪನ್ನು ತೊಳೆಯಿತು ಅನ್ನಿ. ಕರಗಿದ ಉಪ್ಪು ಹೋಯಿತು. ಜೇಡಿಗೆ ಅಂಟಿದ ಸೋಡಿಯಂ ಉಳಿಯಿತು. ಅಮುಕಿ ಹಿಡಿದಿದ್ದ ಕೈ ಹೋಯಿತು. ಆಗ ಎಲ್ಲ ಚದುರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಣಗಿದ ಮಣ್ಣಿನ ಹೆಂಟೆಯಿಂದ ಬಟಾಣಿ ಕಾಳಿನಷ್ಟು ಚೂರು ಮುರಿದುಕೊಳ್ಳಿ. ಒಂದು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು ತೆಗೆದುಕೊಂಡು ಆ ಚೂರನ್ನು ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಾಡಿಸಬೇಡಿ. ಎರಡು ಗಂಟೆ ಸುಮ್ನೆ ಬಿಟ್ಟು ನೋಡಿ. ಚೂರು ಒಡೆದು ಪುಡಿಯಾಗಿ ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಅದು ಚದುರುವಿಕೆ ಅಲ್ಲ, ಸುಮ್ನೆ ಒಡೆದದ್ದು. ಚೂರಿನ ಸುತ್ತ ಹಾಲು ಹರಡಿದ ಹಾಗೆ ಮಸುಕು ಎದ್ದು, ಅದು ಕೂರದೆ ಹಾಗೇ ನಿಂತಿದ್ದರೆ ಜೇಡಿ ಚದುರಿದೆ ಅಂತ. ಆ ಹಾಲುನೀರಿಗೆ ಒಂದು ಚಿಟಿಕೆ ಜಿಪ್ಸಂ ಪುಡಿ ಹಾಕಿ ಕಲಕಿ ಬಿಡಿ. ಮಸುಕೆಲ್ಲ ಹತ್ತಿಯ ತುಣುಕಿನ ಹಾಗೆ ಗಂಟು ಕಟ್ಟಿ ಕೆಳಗೆ ಕೂರಲು ಶುರುವಾಗುತ್ತದೆ. ಮಳೆಗಾಲದಲ್ಲಿ ಕೆಂಪು ನೀರಿನ ಕೊಡದಲ್ಲಿ ಪಟಕ ತಿರುಗಿಸಿ ನೀರು ತಿಳಿಮಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಹೆಚ್ಚು ವಿದ್ಯುದಂಶ ಇರುವ ವಸ್ತು ಬಂದರೆ ಜೇಡಿ ಒಟ್ಟುಗೂಡುತ್ತದೆ.

ಜೇಡಿಯ ಮೇಲೆ ಯಾವ ಲೋಹದ ಅಂಶ ಕೂತಿದೆ ಅನ್ನುವುದರ ಮೇಲೆ ಇಡೀ ಮಣ್ಣಿನ ನಡತೆ ನಿಂತಿದೆ ಅಂತ ಗಟ್ಟಿಯಾಗಿ ತೋರಿಸಿಕೊಟ್ಟವರು ರಷ್ಯಾದ ಕಾನ್‌ಸ್ಟಾಂಟಿನ್ ಗೆಡ್ರಾಯ್ಟ್ಸ್. 20ನೇ ಶತಮಾನದ ಮೊದಲ ದಶಕಗಳ ಕೆಲಸ ಅದು. ಅದಕ್ಕೂ ಮುಂಚೆ ಮಣ್ಣು ಗಟ್ಟಿಯಾಗುವುದಕ್ಕೂ ಉಪ್ಪಿಗೂ ಏನೋ ನಂಟಿದೆ ಅಂತ ಗೊತ್ತಿತ್ತು, ಆದರೆ ಎಳೆ ಸಿಕ್ಕಿರಲಿಲ್ಲ.

ಸಮುದ್ರ, ಹಿಮ, ಅಂತರ್ಜಲ

ಕಡಲಿಂದ ಸಾವಿರ ಕಿಲೋಮೀಟರ್ ದೂರದ ಬಯಲಿಗೆ ಇಷ್ಟು ಸೋಡಿಯಂ ಎಲ್ಲಿಂದ ಬಂತು? ಅಲ್ಲೇ ಕಡಲಿತ್ತು. ಸುಮಾರು ಏಳೂವರೆ ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಉತ್ತರ ಅಮೆರಿಕದ ನಡುವೆ ಒಂದು ಒಳನಾಡಿನ ಸಮುದ್ರ ಹರಡಿತ್ತು. ಅದರ ತಳದ ಕೆಸರು ಗಟ್ಟಿಯಾಗಿ ಕಪ್ಪು ಜೇಡಿಕಲ್ಲಾಯಿತು. ಬೇರ್‌ಪಾ ಪದರ ಅಂತ ಭೂವಿಜ್ಞಾನಿಗಳು ಕರೆಯುವುದು ಅಂಥ ಒಂದು ಪದರವನ್ನು. ಆಮೇಲೆ ಹಿಮಯುಗ. ಕಿಲೋಮೀಟರ್ ದಪ್ಪದ ಹಿಮಗಡ್ಡೆ ಆ ಕಲ್ಲನ್ನು ಅರೆದು, ಕಲಸಿ, ಬಯಲ ತುಂಬ ಬಳಿಯಿತು. ಹತ್ತು ಹನ್ನೆರಡು ಸಾವಿರ ವರ್ಷದ ಹಿಂದೆ ಹಿಮ ಕರಗಿದಾಗ ಅಲ್ಲಲ್ಲಿ ದೊಡ್ಡ ಕೆರೆಗಳು ನಿಂತವು. ಅವುಗಳ ತಳದಲ್ಲಿ ನುಣುಪಾದ ಜೇಡಿ ಕೂತಿತು. ಎಡ್ಮಂಟನ್ ಸುತ್ತಿನ ಭಾರೀ ಜೇಡಿ ಅಂಥ ಕೆರೆಯದ್ದು.

ಕಲ್ಲಿನಲ್ಲಿದ್ದ ಸೋಡಿಯಂ ಅಂತರ್ಜಲಕ್ಕೆ ಸೇರಿತು. ತಗ್ಗಿನಲ್ಲಿ, ಇಳಿಜಾರಿನ ಬುಡದಲ್ಲಿ ಆ ನೀರು ಮೇಲಕ್ಕೆ ಬಂದು ಆರಿಹೋಗಿ ಉಪ್ಪನ್ನು ಬಿಟ್ಟಿತು. ಕೆನಡಾ ಬಯಲಿನ ಉಪ್ಪು ಬಹುಪಾಲು ಅಡುಗೆ ಉಪ್ಪಲ್ಲ, ಸೋಡಿಯಂ ಸಲ್ಫೇಟ್. ಸಸ್ಕ್ಯಾಚೆವಾನ್‌ನ ಚಾಪ್ಲಿನ್ ಸರೋವರದಲ್ಲಿ ಅದನ್ನು ಗಣಿಯಿಂದ ತೆಗೆದಂತೆ ತೆಗೆದು ಮಾರುವಷ್ಟಿದೆ.

ಇದರಿಂದ ಒಂದು ವ್ಯತ್ಯಾಸ ಬರುತ್ತದೆ. ನಮ್ಮಲ್ಲಿ ಕ್ಷಾರ ಮಣ್ಣು, ಚೌಳು ಅಂದ ಕೂಡಲೇ ಪಿಎಚ್ 9, 10 ಇರುವ ನೆಲ ನೆನಪಾಗುತ್ತದೆ. ಹಿಂದೆ ಅಗಸರು ಬಟ್ಟೆ ಒಗೆಯಲು ಚೌಳು ಮಣ್ಣು ಬಳಸುತ್ತಿದ್ದದ್ದು ಅದರಲ್ಲಿ ಸೋಡಿಯಂ ಕಾರ್ಬೊನೇಟ್ ಇರುವುದಕ್ಕೇ. ಕೆನಡಾದ ಸೊಲೊನೆಟ್ಸ್ ಹಾಗಲ್ಲ. ಅದರ ಮೇಲ್ಪದರ ಎಷ್ಟೋ ಕಡೆ ಹುಳಿ, ಪಿಎಚ್ 6ಕ್ಕಿಂತಲೂ ಕಡಿಮೆ. ಸೋಡಿಯಂ ಮಣ್ಣು ಅಂದರೆ ಕ್ಷಾರ ಮಣ್ಣು ಅಂತ ಬರೀ ಪಿಎಚ್ ನೋಡಿ ತೀರ್ಮಾನ ಮಾಡಿದರೆ ಈ ಹೊಲ ಕೈತಪ್ಪಿ ಹೋಗುತ್ತದೆ.

ಹೆಸರುಗಳು, ಅಂದರೆ ಹಂತಗಳು

ಈಗ ವರ್ಗೀಕರಣ. ಕೆನಡಾದ ಮಣ್ಣು ವರ್ಗೀಕರಣದಲ್ಲಿ ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ ಹತ್ತು ಗಣಗಳಿವೆ. ಅದರಲ್ಲಿ ಸೊಲೊನೆಟ್ಸಿಕ್ ಒಂದು. ಪ್ರಪಂಚದ ಹಲವು ಪದ್ಧತಿಗಳಲ್ಲಿ ಇದು ಇನ್ಯಾವುದೋ ಗಣದ ಒಳಗಿನ ಒಂದು ಉಪವಿಭಾಗ ಆಗಿದ್ದರೆ, ಕೆನಡಾದವರು ಇದಕ್ಕೆ ಸ್ವಂತ ಗಣವನ್ನೇ ಕೊಟ್ಟಿದ್ದಾರೆ. ಅಷ್ಟು ಹೊಲ ಇದರಿಂದ ಕಷ್ಟ ಪಟ್ಟಿದೆ.

ಈ ಗಣಕ್ಕೆ ಸೇರಬೇಕಾದರೆ ಮಧ್ಯದ 'ಬಿ' ಪದರ ಕೆಲವು ಷರತ್ತು ಪೂರೈಸಬೇಕು. ಪಟ್ಟಕದ ಅಥವಾ ಕಂಬದ ಆಕಾರ ಇರಬೇಕು. ಒಣಗಿದಾಗ ಗಟ್ಟಿ ಇರಬೇಕು. ಮತ್ತು ಜೇಡಿಗೆ ಅಂಟಿದ ಕ್ಯಾಲ್ಸಿಯಂ ಅದೇ ಜೇಡಿಗೆ ಅಂಟಿದ ಸೋಡಿಯಂನ ಹತ್ತು ಪಟ್ಟು ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಂಥ ಪದರವನ್ನು 'ಬಿಎನ್‌ಟಿ' ಅಂತ ಗುರುತು ಹಾಕುತ್ತಾರೆ. 'ಎನ್' ಅಂದರೆ ನೇಟ್ರಿಯಂ, ಸೋಡಿಯಂನ ಲ್ಯಾಟಿನ್ ಹೆಸರು. 'ಟಿ' ಅಂದರೆ ಟೋನ್, ಜೇಡಿಗೆ ಜರ್ಮನ್ ಪದ. ಎರಡಕ್ಷರದಲ್ಲಿ ಇಡೀ ಕಥೆ ಇದೆ: ಸೋಡಿಯಂ ಬಂತು, ಜೇಡಿ ಇಳಿಯಿತು.

ಗಣದ ಒಳಗೆ ನಾಲ್ಕು ದೊಡ್ಡ ಗುಂಪು. ಇವುಗಳಲ್ಲಿ ಮೂರು ನಿಜವಾಗಿ ಒಂದೇ ಮಣ್ಣಿನ ಮೂರು ವಯಸ್ಸು. ವ್ಯಾಖ್ಯಾನ ಬಾಯಿಪಾಠ ಮಾಡುವ ಬದಲು ಮೂರು ಊರಿನ ಮಣ್ಣು ನೋಡೋಣ. ಅಲ್ಲಿ ಮಣ್ಣಿಗೆ ಊರಿನ ಹೆಸರನ್ನೇ ಇಡುವ ರೂಢಿ.

ಎಡ್ಮಂಟನ್‌ನಿಂದ ಸ್ವಲ್ಪ ಉತ್ತರಕ್ಕೆ ಡೂವಾ. ಹಳೆ ಕೆರೆಯ ತಳದ ಭಾರೀ ಜೇಡಿ. ಇಲ್ಲಿ ಕಪ್ಪು ಮಣ್ಣಿನ ಕೆಳಗೆ ಬೂದಿ ಪದರ ಇಲ್ಲವೇ ಇಲ್ಲ ಅನ್ನುವಷ್ಟು ತೆಳು, 2 ಸೆಂಟಿಮೀಟರಿಗಿಂತ ಕಡಿಮೆ. ಕಪ್ಪಿನಿಂದ ನೇರ ಕಂಬಕ್ಕೆ. ಇದು ಸೊಲೊನೆಟ್ಸ್. ನೀರಿನ ಕೆಲಸ ಈಗಷ್ಟೇ ಶುರುವಾಗಿದೆ ಅಂತ ಅರ್ಥ.

ಎಡ್ಮಂಟನ್‌ನ ಆಗ್ನೇಯಕ್ಕೆ ಕ್ಯಾಮ್ರೋಸ್. ಇಲ್ಲಿ ಬೂದಿ ಪದರ 2 ಸೆಂಟಿಮೀಟರ್ ದಾಟಿದೆ, ಕಂಬಗಳು ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿವೆ. ಕಣ್ಣಿಗೆ ಎಲ್ಲಕ್ಕಿಂತ ಚೆಂದ ಕಾಣುವ ಬಿಳಿತಲೆಯ ಕಂಬಗಳು ಈ ಹಂತದ್ದು. ಹೆಸರು ಸೊಲೊಡೈಸ್ಡ್ ಸೊಲೊನೆಟ್ಸ್, ಅಂದರೆ ಸೋಡಿಯಂ ಕಳೆದುಕೊಳ್ಳುತ್ತ ಸಾಗಿರುವ ಮಣ್ಣು.

ಕ್ಯಾಮ್ರೋಸ್‌ನಿಂದ ಇನ್ನಷ್ಟು ಪೂರ್ವಕ್ಕೆ ಡೇಸ್‌ಲ್ಯಾಂಡ್. ಇಲ್ಲಿ ಕಂಬಗಳ ತಲೆ ಉದುರಿ ಪುಡಿಯಾಗಿದೆ. ಬೂದಿ ಪದರಕ್ಕೂ ಕಂಬಕ್ಕೂ ನಡುವೆ ಒಂದು ಬೆರಕೆ ಪದರ. ಅದನ್ನು ಕೈಯಲ್ಲಿ ಒತ್ತಿದರೆ ಸಣ್ಣ ಸಣ್ಣ ಗಟ್ಟಿ ಚೂರುಗಳಾಗಿ ಬಿರಿಯುತ್ತದೆ. ಬೇರು ಇಳಿಯುತ್ತದೆ, ನೀರೂ ಇಳಿಯುತ್ತದೆ. ಇದರ ಹೆಸರು ಸೊಲೊಡ್. ಸೋಡಿಯಂ ಬಹಳಷ್ಟು ಹೋಗಿ ಮಣ್ಣು ಸುಧಾರಿಸಿಕೊಂಡ ಹಂತ. ಬೆಳೆಯೂ ಚೆನ್ನಾಗಿ ಬರುತ್ತದೆ.

ಈ ಮೂರಕ್ಕೂ ಹಿಂದೆ ಇನ್ನೊಂದು ಹಂತ ಇದೆ. ಉಪ್ಪು ಮೇಲೇ ಕೂತಿರುವ ನೆಲ, ರಷ್ಯನ್ನರು ಸೊಲೊನ್‌ಚಾಕ್ ಅನ್ನುವಂಥದ್ದು. ಉಪ್ಪು ಏರಿತು, ಉಪ್ಪು ಇಳಿದು ಸೋಡಿಯಂ ಉಳಿಯಿತು, ಸೋಡಿಯಂ ಕೂಡ ಮೆಲ್ಲಗೆ ಹೋಯಿತು. ಕ್ರಮ ಇದು. ಹಾಗಾಗಿ ಮಣ್ಣಿಗೆ ಹೆಸರಿಡುವುದು ಅಂದರೆ ಅದು ಈ ದಾರಿಯಲ್ಲಿ ಎಲ್ಲಿಗೆ ಬಂದಿದೆ ಅಂತ ಹೇಳುವುದು. ಬೂದಿ ಪದರ ಎಷ್ಟು ದಪ್ಪ, ಕಂಬದ ತಲೆ ಇದೆಯಾ ಉದುರಿದೆಯಾ, ಇವೆರಡನ್ನು ಅಳೆಯಲು ಒಂದು ಸ್ಕೇಲು ಮತ್ತು ಚಾಕು ಸಾಕು. ಪ್ರಯೋಗಾಲಯದ ವರದಿಗೆ ಕಾಯದೆ ಗುಂಡಿಯಲ್ಲೇ ನಿಂತು ಬಹುಮಟ್ಟಿಗೆ ಹೇಳಬಹುದು. ಈ ಗುಣಕ್ಕಾಗಿಯೇ ಕೆನಡಾದ ವರ್ಗೀಕರಣ ನನಗೆ ತುಂಬ ಇಷ್ಟ.

ನಾಲ್ಕನೆಯದು ವರ್ಟಿಕ್ ಸೊಲೊನೆಟ್ಸ್. ಇದು ವಯಸ್ಸಿನ ಮಾತಲ್ಲ, ಜೇಡಿಯ ಜಾತಿಯ ಮಾತು. ಒಣಗಿದಾಗ ಬಾಯಿಬಿಟ್ಟು, ನೆನೆದಾಗ ಉಬ್ಬಿ, ಒಳಗೇ ಒಂದರ ಮೇಲೊಂದು ಜಾರುವ ಜೇಡಿ. ಜಾರಿದ ಕಡೆ ಮಣ್ಣಿನ ಮುಖ ಉಜ್ಜಿ ನುಣುಪಾಗಿ ಹೊಳೆಯುತ್ತದೆ. ನಮ್ಮ ಎರೆ ಹೊಲದಲ್ಲಿ ಆಳಕ್ಕೆ ಗುಂಡಿ ತೋಡಿದವರು ಆ ಹೊಳಪನ್ನು ಕಂಡಿರುತ್ತಾರೆ. ಆ ಗುಣ ಇರುವ ಮಣ್ಣುಗಳಿಗೆ ಕೆನಡಾದವರು 1998ರ ಮೂರನೇ ಆವೃತ್ತಿಯಲ್ಲಿ ಪ್ರತ್ಯೇಕ ಗಣ ಮಾಡಿದರು. ಆ ಗುಣವೂ ಸೋಡಿಯಂ ಪದರವೂ ಒಟ್ಟಿಗೆ ಇದ್ದರೆ ಅದು ವರ್ಟಿಕ್ ಸೊಲೊನೆಟ್ಸ್.

ಇದರ ಕೆಳಗಿನ ವಿಂಗಡಣೆ ಮೇಲ್ಪದರದ ಬಣ್ಣದ ಮೇಲೆ. ಕಂದು, ಗಾಢ ಕಂದು, ಕಪ್ಪು, ಹೀಗೆ. ಬಣ್ಣ ಅಂದರೆ ಅಲ್ಲಿ ಹವಾಮಾನ. ದಕ್ಷಿಣದ ಒಣ ಬಯಲಿನಲ್ಲಿ ಹುಲ್ಲು ಕಡಿಮೆ, ಮಣ್ಣು ಕಂದು. ಉತ್ತರಕ್ಕೆ ತೇವ ಹೆಚ್ಚು, ಹುಲ್ಲು ದಟ್ಟ, ಮಣ್ಣು ಕಪ್ಪು.

ಅಮೆರಿಕದ ಪದ್ಧತಿ ಬೇರೆ ಥರ. ಅಲ್ಲಿ ಇಂಥ ಪದರಕ್ಕೆ 'ನೇಟ್ರಿಕ್' ಅಂತ ಹೆಸರು. ಜೇಡಿ ಹಿಡಿದುಕೊಂಡಿರುವ ಒಟ್ಟು ಅಂಶಗಳಲ್ಲಿ ಸೋಡಿಯಂ ಪಾಲು ನೂರಕ್ಕೆ 15 ಅಥವಾ ಹೆಚ್ಚು ಇರಬೇಕು ಅನ್ನುವುದು ಮುಖ್ಯ ಷರತ್ತು. ಅದೇ ಸೋಡಿಯಂ ಪದರ ಹುಲ್ಲುಗಾವಲಿನ ಕಪ್ಪು ಮಣ್ಣಿನಲ್ಲಿದ್ದರೆ ಒಂದು ಗಣ, ಮರುಭೂಮಿಯಲ್ಲಿದ್ದರೆ ಇನ್ನೊಂದು ಗಣ. ನೇಟ್ರಸ್ಟಾಲ್, ನೇಟ್ರಾರ್ಜಿಡ್ ಅಂತ ಹೆಸರಿನ ಮುಂದೆ 'ನೇಟ್ರ್' ಸೇರಿದ್ದರೆ ಸೋಡಿಯಂ ಪದರ ಇದೆ ಅಂತ ತಿಳಿಯಬೇಕು. ಅಂತರರಾಷ್ಟ್ರೀಯ ಪದ್ಧತಿ ಹಳೆಯ ರಷ್ಯನ್ ಹೆಸರು ಸೊಲೊನೆಟ್ಸ್ ಅನ್ನೇ ಉಳಿಸಿಕೊಂಡಿದೆ. ಆಸ್ಟ್ರೇಲಿಯಾದವರು ಸೋಡೋಸಾಲ್ ಅನ್ನುತ್ತಾರೆ, ಮತ್ತು ಅವರ ಗೆರೆ 15 ಅಲ್ಲ, 6.

15 ಎಲ್ಲಿ, 6 ಎಲ್ಲಿ? ಈ ಅಂತರದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. 15 ಅನ್ನುವ ಅಂಕಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿರುವ ಸರ್ಕಾರಿ ಲವಣ ಪ್ರಯೋಗಾಲಯ 1954ರಲ್ಲಿ ಹೊರತಂದ ಕೈಪಿಡಿಯಿಂದ ಪ್ರಪಂಚಕ್ಕೆಲ್ಲ ಹರಡಿತು. ನಮ್ಮ ಕೃಷಿ ಕಾಲೇಜುಗಳಲ್ಲೂ ಅದೇ ಪಾಠ. ಆದರೆ ಉಬ್ಬುವ ಜೇಡಿ ಇರುವ ಎರೆ ಮಣ್ಣು 15 ತಲುಪುವ ಎಷ್ಟೋ ಮೊದಲೇ ಕೆಡುತ್ತದೆ. ವಿದರ್ಭದ ಪೂರ್ಣಾ ನದಿ ಕಣಿವೆಯ ಎರೆ ಮಣ್ಣಿನಲ್ಲಿ ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ಒಂದು ಪ್ರಯೋಗಾಲಯದ ವರದಿಯಲ್ಲಿ 9 ಅಂತ ಬಂದು, '15ಕ್ಕಿಂತ ಕಡಿಮೆ, ತೊಂದರೆ ಇಲ್ಲ' ಅಂತ ಬರೆದಿದ್ದರೆ ಅದನ್ನು ನಂಬಿ ಕೂರಬಾರದು. ಲೋಟದ ನೀರಿನಲ್ಲಿ ಚೂರು ಹಾಕಿ ನೋಡಬೇಕು. ಮಳೆನೀರಿಗೆ ಆ ಮಣ್ಣು ಏನು ಮಾಡುತ್ತದೆ ಅನ್ನುವುದು ಅಲ್ಲೇ ಕಣ್ಣೆದುರು ಕಾಣುತ್ತದೆ.

ಹೆಸರು ಗೊತ್ತಾದ ಮೇಲೆ

ಹಂತ ಗೊತ್ತಾದರೆ ಏನು ಮಾಡಬೇಕು ಅನ್ನುವುದು ಅರ್ಧ ತಿಳಿದಂತೆ. ಸೊಲೊಡ್ ಆಗಿದ್ದರೆ ಹೆಚ್ಚೇನೂ ಬೇಡ. ಮೇಲ್ಪದರದ ಹುಳಿ ನೋಡಿಕೊಂಡರೆ ಸಾಕು. ಮೊದಲ ಎರಡು ಹಂತದಲ್ಲಿ ಕಂಬದ ಪದರ ಒಡೆಯಬೇಕು ಮತ್ತು ಜೇಡಿಯ ಮೇಲಿನ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ತರಬೇಕು. ಬರೀ ಒಡೆದರೆ ಸಾಲದು, ಮುಂದಿನ ಮಳೆಗೆ ಮತ್ತೆ ಕೂಡಿಕೊಳ್ಳುತ್ತದೆ.

ವೆಗ್ರೆವಿಲ್‌ನಲ್ಲಿ ಕೆನಡಾ ಸರ್ಕಾರ ಈ ಮಣ್ಣಿಗೆ ಅಂತಲೇ ಒಂದು ಸಂಶೋಧನಾ ಉಪಕೇಂದ್ರ ನಡೆಸುತ್ತಿತ್ತು. ಅಲ್ಲಿ ಪರೀಕ್ಷೆ ಮಾಡಿದ ಉಪಾಯಗಳಲ್ಲಿ ಆಳದ ಉಳುಮೆ ಮುಖ್ಯವಾದದ್ದು. ದೊಡ್ಡ ನೇಗಿಲಿನಿಂದ ಐವತ್ತು ಅರವತ್ತು ಸೆಂಟಿಮೀಟರ್ ಆಳಕ್ಕೆ ಉಳುತ್ತಾರೆ. ಉದ್ದೇಶ ಬರೀ ಒಡೆಯುವುದಲ್ಲ. ಕೆಳಗಿದ್ದ ಸುಣ್ಣ, ಜಿಪ್ಸಂ ಮೇಲೆ ಬಂದು ಕಂಬದ ಪದರದ ಜೊತೆ ಬೆರೆಯಬೇಕು. ಮೇಲ್ಪದರ, ಕಂಬದ ಪದರ, ಕೆಳಪದರ ಹೆಚ್ಚುಕಡಿಮೆ ಸಮಪಾಲು ಬೆರೆತರೆ ಒಳ್ಳೆಯದು. ಹೊರಗಿಂದ ಜಿಪ್ಸಂ ಕೊಂಡು ತರುವ ಬದಲು ಹೊಲದ ಹೊಟ್ಟೆಯಲ್ಲೇ ಇದ್ದದ್ದನ್ನು ಎತ್ತಿ ಕೊಡುವ ಕೆಲಸ ಇದು. ಎಷ್ಟು ಒಳ್ಳೆಯ ಯೋಚನೆ! ನೆನಪಿನಲ್ಲಿಡಿ ಅಂದಿದ್ದೆನಲ್ಲ, ಆ ಜಿಪ್ಸಂ ಇದೇ.

ಆದರೆ ಸುಣ್ಣ, ಜಿಪ್ಸಂ ನೇಗಿಲಿಗೆ ಸಿಗುವ ಆಳದಲ್ಲಿ ಇದ್ದರೆ ಮಾತ್ರ ಇದು ನಡೆಯುತ್ತದೆ. ಅದಕ್ಕಿಂತ ಕೆಳಗಿದ್ದರೆ ಖರ್ಚೂ ದಂಡ, ಒಳ್ಳೆಯ ಮೇಲ್ಮಣ್ಣೂ ಹಾಳು. ಕೆಳಗೆ ಉಪ್ಪು ವಿಪರೀತ ಇದ್ದರೆ ಅದನ್ನೇ ಮೇಲೆ ಎತ್ತಿ ಹಾಕಿದ ಹಾಗಾಗುತ್ತದೆ. ಕಲ್ಲು ಜಾಸ್ತಿ ಇದ್ದರೂ ಆಗದು. ಹಾಗಾಗಿ ಉಳುಮೆಗೆ ಮುಂಚೆ ಗುಂಡಿ ತೋಡಿ ನೋಡಲೇಬೇಕು. ಹೊಲದಲ್ಲಿ ಒಂದು ಕಡೆ ಅಲ್ಲ, ಹಲವು ಕಡೆ. ನಾಲ್ಕು ಹೆಜ್ಜೆಗೆ ಬದಲಾಗುವ ಮಣ್ಣು ಇದು.

ಉಳಿದಂತೆ ಅಲ್ಫಾಲ್ಫಾ, ಅಂದರೆ ನಮ್ಮ ಕುದುರೆ ಮೆಂತ್ಯೆ ಥರದ ಆಳದ ಬೇರಿನ ಮೇವಿನ ಬೆಳೆ ಹಾಕುತ್ತಾರೆ. ನೆಲ ಹಸಿ ಇರುವಾಗ ಯಂತ್ರ ಇಳಿಸುವುದಿಲ್ಲ. ಒಣ ಸೀಮೆಯಲ್ಲಿ ಎಷ್ಟೋ ಜಾಗವನ್ನು ಉಳದೆ ಹುಲ್ಲಿಗೇ ಬಿಟ್ಟಿದ್ದಾರೆ. ಅದು ಸರಿಯಾದ ತೀರ್ಮಾನ ಅಂತಲೇ ನನಗೆ ಅನ್ನಿಸುವುದು.

ಈ ಪ್ರಯಾಣ ಒಂದೇ ದಿಕ್ಕಿನದ್ದಲ್ಲ. ಅಂತರ್ಜಲ ಮತ್ತೆ ಮೇಲೇರಿದರೆ ಸೋಡಿಯಂ ಮತ್ತೆ ಬರುತ್ತದೆ, ಸುಧಾರಿಸಿಕೊಂಡ ಮಣ್ಣು ಹಿಂದಿನ ಹಂತಕ್ಕೆ ಹೋಗುತ್ತದೆ. ಸಾವಿರಾರು ವರ್ಷದ ತೊಳೆತವನ್ನು ಕೆಲವೇ ವರ್ಷದ ನೀರು ಅಳಿಸಬಹುದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆ ನೀರು ಬಂದ ಮೇಲೆ ತಗ್ಗಿನ ಎರೆ ಹೊಲಗಳು ಸವಳು ಜವಳಾದದ್ದು ಇದೇ ದಾರಿಯಲ್ಲಿ. ನೀರು ಏರಿತು, ಉಪ್ಪನ್ನು ಹೊತ್ತು ತಂದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಸಿಗಾಲುವೆ, ಜಿಪ್ಸಂ ಅಂತ ಕೆಲಸ ನಡೆಯುತ್ತಿರುವುದು ಅಲ್ಲಿಯ ಜೇಡಿಯ ಮೇಲೆ ಕೂತ ಅದೇ ಸೋಡಿಯಂಗಾಗಿ. ಅಲ್ಲಿ ಬಿಳಿತಲೆಯ ಕಂಬಗಳಿಲ್ಲ, ಹವಾಮಾನ ಬೇರೆ, ಮಣ್ಣಿನ ವಯಸ್ಸು ಬೇರೆ. ಜೇಡಿ ಚದುರುವ ರೀತಿ ಮಾತ್ರ ಒಂದೇ.

ಆಲ್ಬರ್ಟಾದ ಆಗ್ನೇಯಕ್ಕೆ, ಹಾನ್ನಾ, ಬ್ರೂಕ್ಸ್ ಕಡೆಯ ಒಣ ಹುಲ್ಲುಗಾವಲಿನಲ್ಲಿ ಈ ಮಣ್ಣು ಗುಂಡಿ ತೋಡದೆಯೇ ಕಾಣುತ್ತದೆ. ಮೇಲಿನ ಒಂದು ಗೇಣು ಮಣ್ಣು ಗಾಳಿಗೆ, ನೀರಿಗೆ ಹಾರಿಹೋಗಿ ಅಲ್ಲಲ್ಲಿ ತಟ್ಟೆಯಾಕಾರದ ಬರಡು ಕುಳಿಗಳಾಗಿವೆ. ಅಲ್ಲಿಯ ಜನ ಇದನ್ನು ಬರ್ನ್‌ಔಟ್ ಅನ್ನುತ್ತಾರೆ, ಸುಟ್ಟುಹೋದ ಜಾಗ ಅಂತ. ಸುತ್ತ ಹುಲ್ಲು, ನಡುವೆ ಬೋಳು ನೆಲ. ಮಳೆ ಬಂದರೆ ಕುಳಿಯಲ್ಲಿ ನೀರು ನಿಲ್ಲುತ್ತದೆ. ಪಕ್ಕದ ಹಳ್ಳದ ನೀರು ಎರಡು ದಿನಕ್ಕೆ ತಿಳಿಯಾದರೂ ಈ ನೀರು ತಿಳಿಯಾಗುವುದಿಲ್ಲ. ಇಂಗುವುದೂ ಇಲ್ಲ. ಬಿಸಿಲಿಗೆ ಪೂರ್ತಿ ಆರುವವರೆಗೂ ಲೋಟದಲ್ಲಿ ಕಂಡ ಹಾಗೆಯೇ ಹಾಲಿನಂತೆ ಮಸುಕಾಗಿ ನಿಂತಿರುತ್ತದೆ.